ಮೇಬಲ್‌ಳ ಊಟ

ಹಾರ್ಲನ್ ಕ್ರೀಕ್, ಒಹಾಯೊ
ಮಾರ್ಚ್ 14, 1998

ಮಗ ವೆಸ್ಲಿಗೆ,

ನಿನ್ನ ಅಮ್ಮ ವರ್ಲೀನ್ ಹೋಲ್ಕಮ್ ಬರೆಯುತ್ತಿರುವುದು. ನಿನ್ನಪ್ಪ ಹೋದ ಮೇಲೂ ಈ ಮನೆಯ ಊಟದ ಮೇಜಿನ ತುದಿಯ ಕುರ್ಚಿ ನನ್ನದೇ. ಪ್ರಾರ್ಥನೆ ಹೇಳುವವಳು ನಾನೇ, ಯಾರು ಯಾವಾಗ ಏಳಬಹುದೆಂದು ಹೇಳುವವಳೂ ನಾನೇ. ನೆಲಮಾಳಿಗೆಯಲ್ಲಿ ಕೆಲವರು ಇದನ್ನು ಮರೆತಿದ್ದರು, ಅದಕ್ಕೇ ಮೊದಲು ಬರೆದೆ.

ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೆಟ್ಟ ಸುದ್ದಿಯನ್ನು ಅರ್ಧಕ್ಕೆ ಬರೆದು ಹಡಗಿನಲ್ಲಿರುವವನಿಗೆ ಕಳಿಸುವುದು ನನ್ನ ಪದ್ಧತಿಯಲ್ಲ. ನಿನ್ನ ಹೆಬ್ಬಾವು, ನೀನು ಮೇಬಲ್ ಎಂದು ಕರೆಯುವುದು, ಬದುಕಿದೆ. ಮಿಕ್ಕಿದ್ದನ್ನು ನಿಧಾನವಾಗಿ ಓದು.

ಅದರ ಊಟ ಇರುತ್ತಿದ್ದದ್ದು ನಮ್ಮ ಊಟದ ಫ್ರೀಜರ್‌ನಲ್ಲೇ. ಜಿಂಕೆ ಮಾಂಸ, ಬಿಡಿಸಿಟ್ಟ ಮೆಕ್ಕೆಜೋಳ, ಅವುಗಳ ಪಕ್ಕದಲ್ಲೇ ಸಾಲಾಗಿ ಮಲಗಿದ ಹೆಪ್ಪುಗಟ್ಟಿದ ಇಲಿಗಳು! ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ನಿನ್ನ ಚಿಕ್ಕಮ್ಮ ಓಪಲ್ ಪೈ ಹಿಟ್ಟು ತೆಗೆಯಲು ಫ್ರೀಜರ್‌ಗೆ ಕೈಹಾಕಿ ಕಿರುಚಿದ್ದು ಬೀದಿಗೆಲ್ಲ ಕೇಳಿತು. ಆಮೇಲೆ ಅವಳು ನನ್ನ ಮನೆಯಲ್ಲಿ ಕಾಫಿ ಬಿಟ್ಟು ಬೇರೇನನ್ನೂ ಮುಟ್ಟಿಲ್ಲ.

ನೆಲಮಾಳಿಗೆಯ ಹಾವಿನ ಕೋಣೆಯ ಕೀಲಿಕೈಯನ್ನು ನೀನು ನನಗಲ್ಲ, ನಿನ್ನ ತಮ್ಮ ಡ್ವೇನ್‌ಗೆ ಕೊಟ್ಟು ಹೋದೆ. ಏಕೆಂದು ನಾನು ಕೇಳಲಿಲ್ಲ. ಚಳಿಗಾಲ ಬಂತು, ಹೆಬ್ಬಾವು ಊಟ ಬಿಟ್ಟಿತು. ಚಳಿಯಲ್ಲಿ ಅದು ಹಾಗೇ, ಬಲವಂತ ಮಾಡಬೇಡ ಎಂದು ನೀನೇ ಹೇಳಿದ್ದೆ. ನಿನ್ನ ತಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಒಂದು ಭಾನುವಾರ ಜೀವಂತ ಇಲಿ ತಂದ. ಜೊತೆಗೆ ಗೆಳೆಯರು, ಬಿಯರ್ ಪೆಟ್ಟಿಗೆ. ಹಾವಿನ ಗಾಜಿನ ಪೆಟ್ಟಿಗೆಯ ಮೇಲೇ ಪಿಜ್ಜಾ ಇಟ್ಟುಕೊಂಡಿದ್ದರು.

"ಏನೋ ಇದು?" ಎಂದೆ.

"ಅಮ್ಮಾ, ಸತ್ತಿದ್ದು ಕೊಟ್ರೆ ಅದು ಮೂಸೂ ನೋಡ್ತಿಲ್ಲ. ಕಾಡಲ್ಲಿ ಯಾರಾದ್ರೂ ಬಿಸಿನೀರಲ್ಲಿ ಅದ್ದಿ ಕೊಡ್ತಾರಾ?"

"ಕಾಡಲ್ಲಿ ಬಿಯರ್ ಹಿಡ್ಕೊಂಡು ನೋಡೋಕೆ ನಿನ್ನಂಥೋರೂ ಇರಲ್ಲ."

ಗೆಳೆಯನೊಬ್ಬ ಹಲ್ಲು ಕಿರಿದ. "ಬನ್ನಿ ಮಿಸೆಸ್ ಹೋಲ್ಕಮ್, ನಿಮಗೂ ಒಂದು ಕುರ್ಚಿ ಹಾಕ್ತೀವಿ. ಇಲಿ ಕಿರುಚೋದು ಕೇಳೋಕೆ ಮಜಾ ಇರತ್ತೆ."

ಆ ಮಾತು ಕೇಳಿ ಮೇಲೆ ಬಂದು ಕೈ ತೊಳೆದುಕೊಂಡೆ, ಏನನ್ನೂ ಮುಟ್ಟಿರಲಿಲ್ಲ, ಆದರೂ. ಅವತ್ತೇ ಅವರನ್ನೆಲ್ಲ ಹೊರಗೆ ಹಾಕಬೇಕಿತ್ತು. ನಿನ್ನ ಹಾವು, ಅವನ ಕೀಲಿಕೈ ಎಂದು ಸುಮ್ಮನಾದೆ.

ಹಾವು ತಿನ್ನಲಿಲ್ಲ. ಇವರಿಗೆ ಬೇಸರವಾಗಿ, ಮುಚ್ಚಳ ಹಾಕಿ ಆಟ ನೋಡಲು ಹೊರಟುಹೋದರು. ಇಲಿ ಒಳಗೇ ಉಳಿಯಿತು.

ಬೆಳಗ್ಗೆ ಬಟ್ಟೆ ಒಗೆಯಲು ಇಳಿದಾಗ ಕೋಣೆಯ ಬಾಗಿಲು ತೆರೆದೇ ಇತ್ತು. ಹಾವು ತಲೆಯನ್ನು ಒಳಗೆಳೆದುಕೊಂಡು ಉಂಡೆಯಾಗಿತ್ತು. ಇಲಿ ಅದರ ಬೆನ್ನ ಮೇಲೆ ಕೂತು ಮೆಲ್ಲುತ್ತಿತ್ತು. ಬಿಳಿ ಮೂಳೆ ಕಾಣುತ್ತಿತ್ತು, ವೆಸ್ಲಿ. ಬಕೆಟ್ ಕವುಚಿ ಇಲಿಯನ್ನು ಹಿಡಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ನೀರು ಕಾಳಿಲ್ಲದೆ ಕೂಡಿಹಾಕಿದರೆ ಅದಾದರೂ ಏನು ತಿನ್ನಬೇಕು? ಹಾವನ್ನು ದಿಂಬಿನ ಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡು ಪಶುವೈದ್ಯ ಡಾಕ್ಟರ್ ಪ್ರೂಯಿಟ್ ಹತ್ತಿರ ಹೋದೆ. ಅದನ್ನು ಅದುವರೆಗೆ ಬೆರಳಿನಿಂದಲೂ ಮುಟ್ಟಿದವಳಲ್ಲ ನಾನು.

ಹೊಲಿಗೆ ಹಾಕುತ್ತ ಅವರು ಕೇಳಿದರು. "ಮುಚ್ಚಳ ಹಾಕಿ ಹೋದೋರು ಯಾರು?"

"ನನ್ನ ಮಗ," ಎಂದೆ. ನಲವತ್ತು ವರ್ಷದಿಂದ ತಲೆ ಎತ್ತಿ ನಡೆದ ಊರಲ್ಲಿ ಅಷ್ಟನ್ನು ಹೇಳುವುದು ನನಗೆ ಸುಲಭವಾಗಿರಲಿಲ್ಲ.

ಸಂಜೆ ಡ್ವೇನ್ ಬಂದ. "ಹಾವು ತಾನೇ ಅಮ್ಮಾ, ಮನುಷ್ಯರಿಗೇನಾದ್ರೂ ಆಯ್ತಾ?" ಎಂದ. ಕೀಲಿಕೈ ಕೊಡು ಎಂದೆ. ಕೊಟ್ಟ ಅನ್ನುವುದಕ್ಕಿಂತ ಎಸೆದ. ಅವನ ಬಟ್ಟೆಬರೆಯನ್ನು ಆಗಲೇ ಜಗಲಿಗೆ ಹಾಕಿದ್ದೆ, ತೆಗೆದುಕೊಂಡು ಹೋದ. ಭಾನುವಾರದ ಊಟಕ್ಕೆ ಅವನು ಬರಬಹುದು. ಆ ಗೆಳೆಯರು ಬರುವಂತಿಲ್ಲ.

ಗಾಯ ಮಾಗಲು ವಾರಗಳೇ ಹಿಡಿದವು. ಈಗ ಅದರ ಊಟ ನಾನೇ ನೋಡುತ್ತೇನೆ. ಹಿಂದಿನ ದಿನವೇ ಇಲಿಯನ್ನು ಹೆಪ್ಪು ಕರಗಲು ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸುತ್ತೇನೆ. ಆಮೇಲೆ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿಟ್ಟು, ಹೊಟ್ಟೆ ಒತ್ತಿ ನೋಡುತ್ತೇನೆ, ಒಳಗೆ ಗಟ್ಟಿ ಇರಬಾರದು. ಒದ್ದೆ ತುಪ್ಪಳದ ಆ ನಾತ! ಜೋತುಬಿದ್ದ ಆ ಗುಲಾಬಿ ಬಾಲ! ಮೂಗಿಗೆ ಬಟ್ಟೆ ಕಟ್ಟಿಕೊಂಡು, ಉದ್ದ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತೇನೆ. ಮೊನ್ನೆ ಬಹಳ ಹೊತ್ತು ನೋಡಿತು. ಆಮೇಲೆ ಹಾರಿ ಹಿಡಿದು, ಸತ್ತದ್ದನ್ನೇ ಮತ್ತೆ ಕೊಲ್ಲುವ ಹಾಗೆ ಸುತ್ತಿಕೊಂಡಿತು. ನಾನು ಸಿಂಕಿನಲ್ಲಿ ವಾಂತಿ ಮಾಡಿಕೊಂಡೆ, ಬಾಯಿ ತೊಳೆದು, ಪೂರ್ತಿ ನುಂಗುವವರೆಗೆ ಹತ್ತಿರ ನಿಂತೆ.

ದೇವರು ನಿನ್ನನ್ನೂ ಆ ಹಡಗನ್ನೂ ಕಾಪಾಡಲಿ. ಉಣ್ಣೆಯ ಕಾಲುಚೀಲ ಹಾಕಿಕೊ.

ನಿನ್ನ ಅಮ್ಮ,
ವರ್ಲೀನ್ ಹೋಲ್ಕಮ್

ಮರೆತ ಮಾತು: ಡ್ವೇನ್ ಹೋಗುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದ. "ಕೀಲಿಕೈ ನಂಗ್ಯಾಕೆ ಕೊಟ್ಟ ಗೊತ್ತಾ ಅವ್ನು? 'ಅಮ್ಮನ ಕೈಗೆ ಮಾತ್ರ ಕೊಡ್ಬೇಡ, ನಾನು ಆ ಕಡೆ ಹೋದ ತಕ್ಷಣ ಹಾವನ್ನ ಹೊಳೆಗೆ ಎಸೀತಾಳೆ' ಅಂದಿದ್ದ." ಅವನು ಸುಳ್ಳು ಹೇಳಿದನೇನೋ ಎಂದು ಯೋಚಿಸಿದೆ. ಆದರೆ ಅದು ನಿನ್ನದೇ ಮಾತಿನ ಧಾಟಿ. ಅಡುಗೆಮನೆಯ ಕಿಟಕಿಯಿಂದ ಹೊಳೆ ಕಾಣುತ್ತದೆ, ನಿನಗೆ ಗೊತ್ತು. ಇಲಿಗೆ ನೀರು ಕಾಯಿಸುವಾಗೆಲ್ಲ ಅದನ್ನೇ ನೋಡುತ್ತಿರುತ್ತೇನೆ. ನೆಲಮಾಳಿಗೆ ತುಂಬ ಥಂಡಿ. ಮೇಬಲ್‌ಳನ್ನು ನನ್ನ ಹೊಲಿಗೆ ಕೋಣೆಗೆ ತಂದಿದ್ದೇನೆ, ಬೀಗ ಬದಲಾಯಿಸಿದ್ದೇನೆ. ಊರಿಗೆ ಬಂದಾಗ ಅವಳನ್ನು ನೋಡಬೇಕೆನಿಸಿದರೆ ಕೀಲಿಕೈಯನ್ನು ನನ್ನ ಹತ್ತಿರ ಕೇಳಬೇಕು.