ಸಿಡಿದದ್ದು ಐದೇ

ಯೋಗೀಶನಿಗೆ,

ಮೊಮ್ಮಗಳು ಇಂಚರಾಳ ಸ್ಕೀ ಬೂಟು ಹುಡುಕಬೇಡ. ನೀವು ತಿಂಡಿಗೆ ಹೋದಾಗ ನಾನೇ ಎತ್ತಿಕೊಂಡಿದ್ದೇನೆ. ನೀನೂ ಸೊಸೆ ಪ್ರತಿಭಾನೂ ಕೂಗಾಡುವ ಮೊದಲು ಇದನ್ನು ಪೂರ್ತಿ ಓದಿ.

ಹಿಮ ಜನರ ಮೇಲೆ ಕುಸಿಯದಿರಲಿ ಅಂತ ಇಲ್ಲಿಯವರೇ ಬೆಳಿಗ್ಗೆ ಮದ್ದು ಸಿಡಿಸಿ ಕೆಡವುತ್ತಾರೆ ಎಂದು ನೀನೇ ಹೇಳಿದ್ದೆ. ಇವತ್ತು ಕಿಟಕಿಯಿಂದ ನೋಡಿದೆ. ಕೆಂಪು ಕೋಟಿನವರು ಗುಡ್ಡದ ಮೇಲೆ ಆರು ಕಡೆ ಮದ್ದು ಎಸೆದರು. ಸಿಡಿದದ್ದು ಐದೇ. ಸ್ವಲ್ಪ ಹೊತ್ತಿಗೆ ದಾರಿಗೆ ಅಡ್ಡ ಕಟ್ಟಿದ್ದ ಹಗ್ಗ ಬಿಚ್ಚಿ ಜನರನ್ನು ಬಿಟ್ಟರು.

ಹೋಟೆಲಿನ ಕೌಂಟರಿನ ಹುಡುಗಿಗೆ ಬೆರಳು ಎಣಿಸಿ ತೋರಿಸಿದೆ. ನಕ್ಕು ಕಾಫಿ ಕೊಟ್ಟಳು. ನೀನಂತೂ, "ಅಪ್ಪಾ, ಇದು ನಿಮ್ಮ ಕಲ್ಲು ಕ್ವಾರಿ ಅಲ್ಲ. ಮಿಲ್ ಕ್ರೀಕ್‌ನ ಮನೆಯಿಂದ ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದಿದೀನಿ, ಸುಮ್ನೆ ಎಂಜಾಯ್ ಮಾಡಿ" ಅಂದೆ.

ನಾನು ನಾಲ್ಕನೇ ಕ್ಲಾಸು ಬಿಟ್ಟವನು, ಇಂಗ್ಲಿಷ್ ಬರಲ್ಲ. ಮೂವತ್ತು ವರ್ಷ ಬಂಡೆ ಸಿಡಿಸಿದ್ದೇನೆ, ಎಣಿಸೋಕೆ ಬರುತ್ತೆ. ಸದ್ದು ಒಂದು ಕಡಿಮೆಯಾದರೆ ಕ್ವಾರಿಯೊಳಕ್ಕೆ ನಾಯಿಯನ್ನೂ ಬಿಡುತ್ತಿರಲಿಲ್ಲ. ಒಂದೇ ಒಂದು ಸಲ ಬಿಟ್ಟೆವು. ನಿನ್ನ ಚಿಕ್ಕಪ್ಪ ನಂಜುಂಡ ಜ್ವರದಲ್ಲಿ ಸತ್ತ ಅಂತ ನಿನಗೆ ಹೇಳಿದ್ದು ಸುಳ್ಳು. ಅವತ್ತು ಎಣಿಸಬೇಕಾದವನು ನಾನಾಗಿದ್ದೆ.

ಗುಡ್ಡಕ್ಕೆ ಒಯ್ಯುವ ತೂಗುಕುರ್ಚಿಯ ಗೇಟಿಗೆ ಅಡ್ಡ ನಿಲ್ಲೋಕೆ ಹೋಗುತ್ತಿದ್ದೇನೆ. ಇಂಚರಾ ಅತ್ತರೆ ಅಳಲಿ, ಬೂಟು ಕೊಡಲ್ಲ. ನನ್ನನ್ನು ಆಮೇಲೆ ಬೈಯುವೆಯಂತೆ, ಮೊದಲು ಓಡಿ ಬಂದು ಅವರ ಭಾಷೆಯಲ್ಲಿ ಅವರಿಗೆ ಹೇಳು. ಇದನ್ನು ಬರೆಯುವಷ್ಟರಲ್ಲೇ ಮೂರು ಕುರ್ಚಿ ತುಂಬ ಮಕ್ಕಳು ಮೇಲೆ ಹೋದರು.

ನಿನ್ನ ಅಪ್ಪ,
ಪುಟ್ಟಸ್ವಾಮಿ