ಹತ್ತನೇ ಅಧ್ಯಾಯದ ಸಾಕ್ಷಿ

ಹೂವಿನಹಡಗಲಿ
೮-೨-೨೦೦೪, ಭಾನುವಾರ

ಶ್ರೀ ಮರುಳಪ್ಪ ಮಾಸ್ತರಿಗೆ... ಛೇ, ಹೊಡೆದು ಹಾಕಿದೆ. ಪ್ರೀತಿಯ ಮರುಳನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ, ಎಲ್ಲರೂ ಆರಾಮ ಅದಾರ. ದಸರಾ ಹೊತ್ತಿಗೆ ನನ್ನ ಕಾದಂಬರಿಯನ್ನು ನಿನಗೆ ಅಂಚೆಗೆ ಹಾಕಿದೆನಲ್ಲ, ಆಗ ಒಳಗೊಂದು ಚೀಟಿ ಇಡಬೇಕಿತ್ತು. ಇಡಲಿಲ್ಲ. ಇನ್ನೂರು ಪುಟ ಬರೆದ ಕೈಗೆ ನಾಲ್ಕು ಸಾಲು ಬರಲಿಲ್ಲ. ನೀನೇ ಮೊದಲು ಬರೆಯುತ್ತೀ ಅಂತ ಕಾದೆ. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ನೀನಿರುವ ಹರಪನಹಳ್ಳಿ ಕಡೆಯಿಂದ ಇಷ್ಟೊಂದು ಬಸ್ಸು ಬರುತ್ತವೆ, ಒಂದರಲ್ಲೂ ನಿನ್ನ ಅಭಿಪ್ರಾಯ ಬರಲಿಲ್ಲ. ಅದಕ್ಕೇ ಇವತ್ತು ನಾನೇ ಕೂತೆ. ತಡವಾಯಿತು, ಬೈದುಕೊಂಡು ಓದು.

ನಿನ್ನದೊಂದನ್ನು ಬಿಟ್ಟು ಉಳಿದವರ ಅಭಿಪ್ರಾಯವೆಲ್ಲ ಬಂದಿದೆ. ಸ್ವಂತ ಅಚ್ಚು ಹಾಕಿಸಿದ ಲೇಖಕನ ಪಾಡು ಗೊತ್ತಲ್ಲ: ಕೊಂಡವರು ಕೆಲವರು, ಕೇಳಿ ಪಡೆದವರು ಹಲವರು, ಓದಿದವರು ದೇವರಿಗೇ ಗೊತ್ತು, ಮಾತಾಡುವವರು ಮಾತ್ರ ಎಲ್ಲರು. ಪ್ರಾಸದ ಚಟ ಇನ್ನೂ ಹೋಗಿಲ್ಲ ಅಂತ ನಗುತ್ತೀಯೇನೋ. ನಮ್ಮ ಕಾಲೇಜು ನಿನಗೆ ಮಾಸ್ತರಿಕೆ ಕೊಟ್ಟಿತು, ನನಗೆ ಪ್ರಾಸ ಕೊಟ್ಟಿತು. ವಕೀಲರ ಗುಮಾಸ್ತನಾಗಿ ತಲೆ ನೆರೆತರೂ ಅದು ಉದುರಲಿಲ್ಲ. ಪುಸ್ತಕದ ಹೆಸರೇ ನೋಡು, ‘ಮರಳ ಮೇಲಿನ ಮೊಹರು’.

ಕೊಲೆಯ ಕತೆ ಓದಿದವರು ಕೊಲೆಗಾರನ ಬಗ್ಗೆ ಕೇಳುತ್ತಾರೆ ಅಂತ ನಾನು ತಿಳಿದಿದ್ದೆ. ಹೊಳೆದಂಡೆಯ ಮರಳಲ್ಲಿ ಒಂದು ಹೆಣ, ದೀಪ ಆರಿಸಿಕೊಂಡು ಓಡಿದ ಲಾರಿ, ಕೋರ್ಟಿನಲ್ಲಿ ಖುಲಾಸೆಯಾದ ಮಾಲೀಕ, ಕೊನೆಗೆ ಒಬ್ಬ ಬಡಪಾಯಿ ಗುಮಾಸ್ತ ಅವನನ್ನು ಹಿಡಿದುಕೊಡುವುದು, ಇಷ್ಟೆಲ್ಲ ಕಟ್ಟಿದೆ. ಒಬ್ಬರೂ ಆ ಕಡೆ ನೋಡುತ್ತಿಲ್ಲ ಕಣೋ. ಎಲ್ಲರ ಗಾಡಿಯೂ ಹತ್ತನೇ ಅಧ್ಯಾಯದಲ್ಲೇ ಹೂತುಕೊಳ್ಳುತ್ತದೆ. ಲಾರಿಯನ್ನು ಕಣ್ಣಾರೆ ಕಂಡೆ ಅಂತ ಪೊಲೀಸರಿಗೆ ಹೇಳಿದ್ದವನು ಕಟಕಟೆ ಹತ್ತಿ, ‘ನಾನೇನೂ ನೋಡಿಲ್ಲ’ ಅಂದು ಇಳಿದು, ಊರನ್ನೇ ಬಿಟ್ಟು ಹೋಗುತ್ತಾನಲ್ಲ, ಅಲ್ಲಿ. ಯಾಕೆ ಹಾಗಂದ ಅಂತ ನಾನು ಬರೆದಿಲ್ಲ.

ಮೊದಲು ನಮ್ಮ ಶಿವಯೋಗಪ್ಪ ವಕೀಲರು. ಕಕ್ಷಿದಾರರನ್ನು ಹೊರಗೆ ಕೂರಿಸಿ, ಕೆಂಪು ಪೆನ್ನು ಹಿಡಿದು ಓದಿದರು.

‘ಏನೋ ಪಾಲಾಕ್ಷ, ನಿನ್ನ ಜಡ್ಜು ವಿಚಾರಣಿ ನಡುವ ಆಕಳಸ್ತಾನ? ಮೊದಲು ಆ ಸಾಲು ತೆಗಿ. ನಾಳೆ ಸಾಹೇಬ್ರ ಮುಂದ ನಿಲ್ಲಾವ ನಾನು, ನೀನಲ್ಲ.’

ತೆಗೆಯುತ್ತೇನೆ ಅಂದೆ.

‘ಅದಿರ್ಲಿ, ಈ ಸಾಕ್ಷಿ ಯಾಕ ತಿರುಗಿಬಿದ್ದ? ಸರ್ಕಾರಿ ವಕೀಲ ಪಾಟೀಸವಾಲು ಮಾಡಬೇಕಿತ್ತಲ್ಲ?’

‘ಮಾಡಿದ್ರಲ್ರೀ. ಎಷ್ಟು ಕೇಳಿದ್ರೂ ಅವ ತಲಿ ಎತ್ತಲಿಲ್ಲ.’

‘ಯಾವ ಪುಟದಾಗ ಐತಿ?’

ಯಾವ ಪುಟದಲ್ಲೂ ಇಲ್ಲ. ಅವರು ನನ್ನ ಮುಖ ನೋಡಿ, ಕನ್ನಡಕ ಸರಿಮಾಡಿಕೊಂಡು ಬೇರೆ ಫೈಲು ಎಳೆದುಕೊಂಡರು. ಅವತ್ತಿಂದ ಪುಸ್ತಕದ ಮಾತೇ ಎತ್ತಿಲ್ಲ.

ಕೊಟ್ಟೂರಿನ ಟೈಲರ್ ಹನುಮಣ್ಣನ ಅಂಗಡಿಯಲ್ಲಿ ಓದುವ ರೀತಿಯೇ ಬೇರೆ. ಒಬ್ಬ ಓದಬೇಕು, ಉಳಿದವರು ಹೊಲಿಯುತ್ತ ಕೇಳಬೇಕು. ಒಳ್ಳೆಯ ಘಟ್ಟ ಬಂದರೆ ಮಷೀನು ತುಳಿಯುವ ಕಾಲು ತಾನೇ ನಿಲ್ಲುತ್ತದೆ, ಅದೇ ಅವರ ಚಪ್ಪಾಳೆ. ಹತ್ತನೇ ಅಧ್ಯಾಯಕ್ಕೆ ಎಲ್ಲಾ ಮಷೀನೂ ನಿಂತವಂತೆ. ಆಮೇಲೆ ನಾನು ಹೋದ ದಿನವೂ ಅದೇ ಜಗಳ ನಡೆದಿತ್ತು.

‘ರೊಕ್ಕ ತಿಂದಾನ ಬಿಡಲೇ, ಅದರಾಗೇನು ತಿಳಿಯಂಗಿಲ್ಲ.’

‘ರೊಕ್ಕ ತಿಂದಾವ ಊರು ಯಾಕ ಬಿಡ್ತಾನ? ಮನಿ ಕಟ್ಟಸ್ತಾನ. ಅವ ಹೆದರ್ಯಾನ.’

‘ಹೆದರಾವ ಮೊದಲು ಪೊಲೀಸ್ರ ಮುಂದ ಯಾಕ ಬಾಯಿ ಬಿಟ್ಟ? ನಿಮ್ಮಪ್ಪ ಕಲಿಸಿದ್ನೇನು?’

ಆ ಗದ್ದಲದಲ್ಲಿ ಯಾವನೋ ಮದುಮಗನ ಕೋಟಿಗೆ ಎರಡೂ ಎಡಗೈ ತೋಳೇ ಬಿದ್ದವು. ಹನುಮಣ್ಣ ಅದನ್ನು ಬಿಚ್ಚುತ್ತ, ‘ಪಾಲಾಕ್ಷಣ್ಣ, ಕಾಜಾ ಚಲೋ ಹೊಲದೀರಿ, ಗುಂಡಿನೇ ಹಚ್ಚಿಲ್ಲ ನೋಡ್ರಿ’ ಅಂದ. ನಾಲ್ಕು ದಿನ ಅಂಗಿಯ ಗುಂಡಿ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಮೇಷ್ಟ್ರೊಬ್ಬರು ಗುರುತು ಹಿಡಿದು ಕೈ ಕುಲುಕಿದರು. ‘ಕಾರಣ ಹೇಳದೆ ಬಿಟ್ಟಿರಲ್ಲ, ಆ ಮೌನವೇ ನಿಮ್ಮ ಕಾದಂಬರಿಯ ಶಕ್ತಿ. ಬಹಳ ಆಧುನಿಕ’ ಅಂದರು. ಬೈದವರನ್ನೆಲ್ಲ ತಡೆದುಕೊಂಡಿದ್ದೆ ಮರುಳ, ಈ ಹೊಗಳಿಕೆ ತಡೆಯಲಾಗಲಿಲ್ಲ. ನನ್ನ ಬಸ್ಸು ಬಂತು ಅಂತ ಸುಳ್ಳು ಹೇಳಿ ಎದುರಿಗಿದ್ದುದನ್ನು ಹತ್ತಿಬಿಟ್ಟೆ. ಅದು ಕೂಡ್ಲಿಗಿ ಬಸ್ಸು. ಕೂಡ್ಲಿಗಿಯಲ್ಲಿ ನನಗೇನು ಕೆಲಸ? ಇಳಿದೆ, ಚಹಾ ಕುಡಿದೆ, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಈಗೀಗ ಹೀಗೇ ಆಗಿದೆ. ಕೂತರೆ ನಿಲ್ಲಬೇಕು, ನಿಂತರೆ ಹೋಗಬೇಕು, ಹೋದರೆ ಯಾಕೆ ಬಂದೆ ಅನ್ನಿಸಬೇಕು.

ಕೊಟ್ರಮ್ಮ ಮನೆಯಲ್ಲಿ ಬೇರೆಯೇ ತೀರ್ಪು ಕೊಟ್ಟಳು. ರೊಟ್ಟಿ ಬಡಿಯುತ್ತ, ‘ಸಾಕ್ಷಿ ಹೆಸರು ಬದಲಿಸೀರಿ, ನಡಿಗಿ ಬದಲಿಸಿಲ್ಲ. ಎಡಗಾಲು ಎಳಿಯೋದು ಹಂಗ ಐತಿ. ಮರುಳಣ್ಣ ಓದಿದ್ರ ಏನಂತಾನ?’ ಅಂದಳು. ನೀನು ಓದಲಿ ಅಂತಲೇ ಹಾಗೆ ಬಿಟ್ಟದ್ದು ಅಂತ ನಾನು ಹೇಳಲಿಲ್ಲ. ಹೆಂಡತಿಗೆ ಹೇಳದೆ ಉಳಿದ ಮಾತು ಅಂತ ನನ್ನಲ್ಲಿ ಇದ್ದರೆ ಅದೊಂದೇ.

ಇನ್ನು ಹೊಳಲಿನ ಕೊಟ್ರಬಸಪ್ಪನವರು. ಹೊಲದ ಬದುವಿನ ವ್ಯಾಜ್ಯದಲ್ಲೇ ಮುಪ್ಪಾದ ಜೀವ, ಹೊಲಕ್ಕಿಂತ ಕೋರ್ಟಿಗೇ ಹೆಚ್ಚು ನಡೆದವರು. ಮೊಮ್ಮಗಳ ಕೈಲಿ ಓದಿಸಿಕೊಂಡು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಮ್ಮ ಆಫೀಸಿಗೇ ಬಂದರು.

‘ಇದರದ್ದು ಮುಂದಿನ ವಾಯಿದೆ ಯಾವತ್ರಿ? ಆ ಸಾಕ್ಷಿನ ಮತ್ತೊಮ್ಮಿ ಕರಸ್ರಿ.’

‘ಯಜಮಾನ್ರ, ಇದು ಕತಿರಿ, ಕೇಸಲ್ಲ.’

‘ಕತಿ ಆದ್ರ ಇನ್ನೂ ಸಲೀಸಾತಲ್ರೀ! ಕೋರ್ಟಿನಾಗ ಆದ್ರ ಅರ್ಜಿ ಕೊಡಬೇಕು, ತಕರಾರು ಬರ್ತಾವ. ಇಲ್ಲಿ ನೀವೇ ವಕೀಲ್ರು, ನೀವೇ ಸಾಹೇಬ್ರು. ಕರಸಾಕ ನಿಮಗೇನು ಧಾಡಿ?’

ಅವರು ಅಷ್ಟಕ್ಕೇ ಬಿಡಲಿಲ್ಲ.

‘ಮತ್ತೊಂದು ತಪ್ಪೈತಿ. ಸಾಕ್ಷಿ ದಿನ ಮುಂಜಾನಿ ಅವಗ ಹೋಟೆಲಿನಾಗ ಮಂಡಕ್ಕಿ ಮಿರ್ಚಿ ತಿನಸೀರಿ. ಅವ ತನ್ನ ತಾಟು ಖಾಲಿ ಮಾಡಿ ನಿಮ್ಮ ಗುಮಾಸ್ತನ ತಾಟಿಗೂ ಕೈ ಹಾಕ್ಯಾನ. ತಿರುಗಿ ಬೀಳಾವ ಹಂಗ ತಿನ್ನಂಗಿಲ್ರಿ. ನೀರು ಕುಡೀತಾನ, ಬೀಡಿ ಸೇದ್ತಾನ, ಮೂರು ಸಲ ಸಂಡಾಸಕ್ಕ ಹೋಗ್ತಾನ. ತಿನ್ನಂಗಿಲ್ಲ. ನಾ ಎಷ್ಟು ಸಾಕ್ಷಿಗೋಳಿಗೆ ತಿನಸೀನಿ, ನನಗ ಹೇಳ್ತೀರೇನು?’

ಸಾಕ್ಷಿಗೆ ಹೊಟ್ಟೆ ತುಂಬಿಸಿಯೇ ಕಟಕಟೆ ಹತ್ತಿಸುವುದು ನಮ್ಮ ಕಡೆಯ ಪದ್ಧತಿ, ನಿನಗೇನು ಹೊಸದಲ್ಲ. ಆದರೆ ಆ ತಾಟನ್ನು ನಾನು ಕಲ್ಪಿಸಿ ಬರೆದದ್ದಲ್ಲ. ಅದನ್ನು ಯಜಮಾನರಿಗೆ ಹೇಗೆ ಹೇಳಲಿ? ‘ಸರಿಮಾಡ್ತೀನ್ರಿ’ ಅಂದು ಕಳಿಸಿದೆ. ಅವತ್ತಿನಿಂದ ನಾನು ಒಂದು ಕಡೆ ಕೂತಿಲ್ಲ.

ಈ ಜಗಳಗಳಿಂದಲೇ ಪುಸ್ತಕದ ಪ್ರತಿಗಳು ಮುಗಿಯುತ್ತ ಬಂದಿವೆ ಅಂದರೆ ನಂಬು. ಅಚ್ಚಿನ ಮನೆಯ ಜಂಬಣ್ಣ ಎರಡನೇ ಮುದ್ರಣಕ್ಕೆ ತುದಿಗಾಲಲ್ಲಿ ನಿಂತಿದ್ದಾನೆ. ‘ಹತ್ತನೇದು ರಿಪೇರಿ ಮಾಡಿ ಕೊಡೋ ಮಾರಾಯ, ಜನ ನನ್ನ ಅಂಗಡಿಗೇ ಬಂದು ಕೇಳಾಕ ಹತ್ಯಾರ’ ಅನ್ನುತ್ತಾನೆ. ಕೂತು ಬರೆದೂ ನೋಡಿದೆ. ಸಾಕ್ಷಿ ಲಂಚ ತಿಂದ ಅಂತ ಬರೆದೆ, ಹರಿದೆ. ಲಾರಿ ಮಾಲೀಕನ ಕಡೆಯವರು ಅವನ ಮಕ್ಕಳ ಶಾಲೆಯ ಹಾದಿಯಲ್ಲಿ ನಿಂತಿದ್ದರು ಅಂತ ಬರೆದೆ, ಅದನ್ನೂ ಹರಿದೆ. ಕತ್ತಲಲ್ಲಿ ಅವನಿಗೆ ನಿಜವಾಗಿಯೂ ಲಾರಿ ಕಾಣಲೇ ಇಲ್ಲ, ನನ್ನ ಮೇಲಿನ ಪ್ರೀತಿಗೆ ಮೊದಲು ಕಂಡೆ ಅಂದಿದ್ದ ಅಂತ ಬರೆದೆ. ಅದನ್ನು ಹರಿಯಲು ಬಹಳ ಹೊತ್ತು ಹಿಡಿಯಿತು. ಕಾರಣಗಳು ಹೊಂದುತ್ತವೆ, ಅವನಿಗೆ ಯಾವುದೂ ಹೊಂದುವುದಿಲ್ಲ.

ಅವ್ವ ಗಟ್ಟಿಯಾಗಿದ್ದಾಳೆ, ಕಿವಿ ಮಾತ್ರ ಮಂದ. ಪುಸ್ತಕ ಕೈಗಿಟ್ಟರೆ ಸವರಿ ನೋಡಿ, ‘ಓದಬ್ಯಾಡ, ನನಗ ಗೊತ್ತಿರೋದ ಐತಿ’ ಅಂದಳು. ಮಗಳು ಅರ್ಚನಾ ಈ ವರ್ಷ ಮಾಸ್ತರಿಕೆಯ ಟಿ.ಸಿ.ಎಚ್. ಮುಗಿಸುತ್ತಾಳೆ. ನಿನ್ನ ಹುಡುಗರು ಈಗ ದೊಡ್ಡವರಾಗಿರಬೇಕು. ಅವರಿಗೆ ಒಳ್ಳೆಯ ವಿದ್ಯೆ, ನಿನ್ನವಳಿಗೆ ಒಳ್ಳೆಯ ಆರೋಗ್ಯ, ನಿನಗೆ ಕಣ್ತುಂಬ ನಿದ್ದೆ ಕೊಡಲಿ ಅಂತ ಕೊಟ್ಟೂರಯ್ಯನಲ್ಲಿ ಬೇಡುತ್ತೇನೆ. ಅವ್ವನ ಆಶೀರ್ವಾದವೂ ಇದೆ, ನಿನ್ನ ಹೆಸರು ಹೇಳಿಯೇ ಕೇಳಿ ಬರೆದಿದ್ದೇನೆ.

ಇಂತಿ ನಿನ್ನ,
ಪಾಲಾಕ್ಷ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ನನ್ನ ತಮ್ಮ ಗವಿಸಿದ್ದೇಶ ಮಾಗಳದ ಹೊಳೆಯ ಮರಳಲ್ಲಿ ಹೆಣವಾಗಿ ಬಿದ್ದದ್ದು, ನೀನು ಕಟಕಟೆಯಲ್ಲಿ ಹಾಗಂದದ್ದು, ಲಾರಿಯವನು ಹಾರ ಹಾಕಿಸಿಕೊಂಡು ಹೊರಬಂದದ್ದು, ಇವನ್ನೆಲ್ಲ ನಾನು ಹೇಗೋ ನುಂಗಿಕೊಂಡೆ. ಕೋರ್ಟಿನಲ್ಲಿ ಕೆಲಸ ಮಾಡುವವನು, ಸಾಕ್ಷಿ ತಿರುಗುವುದನ್ನು ಕಂಡಿಲ್ಲವೇ. ನುಂಗಲಾಗದೆ ಉಳಿದದ್ದು ಒಂದೇ. ಆ ಮುಂಜಾನೆ ಎಲ್ಲಾ ತೀರ್ಮಾನ ಮಾಡಿಕೊಂಡು ಬಂದೇ ನೀನು ನನ್ನ ಎದುರು ಕೂತು, ನಗುತ್ತ, ನನ್ನ ತಾಟಿನಲ್ಲಿ ಕೈ ಹಾಕಿ ತಿಂದೆ ಅಂತ ಇಷ್ಟು ವರ್ಷ ತಿಳಿದಿದ್ದೆ. ಅದಕ್ಕೇ ನೀನು ವರ್ಗಾ ಮಾಡಿಸಿಕೊಂಡು ಊರು ಬಿಟ್ಟಾಗ ನಾನು ಬಸ್ಸಿನ ತನಕ ಬರಲಿಲ್ಲ. ಈಗ ಕೊಟ್ರಬಸಪ್ಪನವರು ಹಾಗೆ ತಿನ್ನುವವನು ತಿರುಗುವವನಲ್ಲ ಅನ್ನುತ್ತಾರೆ. ಅವರ ಮಾತು ನಿಜವಾದರೆ, ಹೋಟೆಲಿಂದ ಕೋರ್ಟಿನ ಒಳಗೆ ಹೋಗುವಷ್ಟರಲ್ಲಿ ನಿನಗೆ ಏನೋ ಆಗಿದೆ, ನಾನು ಪಕ್ಕದಲ್ಲೇ ಇದ್ದೂ ನೋಡಲಿಲ್ಲ. ಅದೇನು ಮರುಳ? ಪುಸ್ತಕಕ್ಕೆ ಬೇಡ, ಹತ್ತನೇ ಅಧ್ಯಾಯ ಹಾಗೇ ಇರಲಿ, ಜಂಬಣ್ಣನಿಗೆ ಹೇಳಿಬಿಡುತ್ತೇನೆ. ಬರೆಯಲಾಗದಿದ್ದರೆ ಬರೆಯಬೇಡ, ಒಂದು ಭಾನುವಾರ ಬಂದುಬಿಡು. ಬಂದರೆ ಕೇಳುವುದಿಲ್ಲ ಅಂತ ಮಾತ್ರ ಮಾತು ಕೊಡಲಾರೆ.