ಓದದೆ ಉಳಿದ ಮಾತು

ಮಸ್ಕಿ, ಗುರುವಾರ

ದೆಹಲಿಯಲ್ಲಿ ಸರ್ಕಾರದ ಪರ ವಾದಿಸುವ ವಕೀಲರಾದ ಮೇಡಂ ಅವರಿಗೆ, ವಿಶಾಲಾಕ್ಷಿಯ ತಾಯಿ ಹಂಪಮ್ಮನ ನಮಸ್ಕಾರಗಳು.

ಜೈಲಿನಲ್ಲಿರುವ ನನ್ನ ಅಳಿಯನ ಮೇಲ್ಮನವಿಯ ವಿಚಾರಣೆಯನ್ನು ಹೋದ ವಾರ ಸುಪ್ರೀಂ ಕೋರ್ಟಿನ ನೇರ ಪ್ರಸಾರದಲ್ಲಿ ನೋಡಿದೆ. ಪಕ್ಕದ ಮನೆಯ ಜಯಶ್ರೀ ಟೀಚರ್ ಮೊಬೈಲಿನಲ್ಲಿ ತೋರಿಸಿ, ಇಂಗ್ಲಿಷ್ ಮಾತುಗಳ ಅರ್ಥ ಹೇಳುತ್ತಿದ್ದರು. ಸುಟ್ಟ ಮೈಯಲ್ಲಿ ನನ್ನ ಮಗಳು ಸಾಯುವ ಮುಂಚೆ ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆಯನ್ನು ನೀವು ಕನ್ನಡದಲ್ಲೇ ಓದಿದಿರಿ. ಆರು ವರ್ಷಗಳಲ್ಲಿ ಅದನ್ನು ಯಾರೂ ನನಗೆ ಓದಿ ಹೇಳಿರಲಿಲ್ಲ.

"ಹಿಂದಿನ ದಿನ ತವರಿಗೆ ಹೋಗಿದ್ದೆರೀ. ಅವ್ವ ಬಾಗಿಲದಾಗ ನಿಂತಿದ್ಲು. ನಾ ಎಲ್ಲಾ ಹೇಳಿದೆ. ಅವ್ವ..."

ಅಷ್ಟರಲ್ಲಿ ನ್ಯಾಯಮೂರ್ತಿಗಳು ಸಾಕೆಂದರು. ನೀವು ಹಾಳೆ ತಿರುವಿದಿರಿ.

"ಕೇಸಿಗೆ ಬೇಕಾದಷ್ಟು ಓದ್ಯಾರ, ಬಿಡವ್ವ," ಎಂದರು ಜಯಶ್ರೀ.

ಅಂದು ಅವಳನ್ನು ಗಂಡನ ಊರಾದ ಲಿಂಗಸುಗೂರಿನ ಬಸ್ಸು ಹತ್ತಿಸಿದವಳು ನಾನೇ. "ನಾಕು ದಿನ ತಡಕೋ, ತಾನಾ ಸುಮ್ಮನಾಗ್ತಾನ," ಅಂದಿದ್ದೆ. ಅವಳು ಬಂದುಹೋದದ್ದನ್ನು ಅವಳ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಆ ವಿಡಿಯೊವನ್ನು ದಿನವೂ ಹಾಕಿಸಿ ಕೇಳುತ್ತೇನೆ. ದನಿ ನಿಮ್ಮದು; ಆದರೆ "ಅವ್ವ" ಎಂದು ನಿಂತುಬಿಡುವವಳು ಅವಳೇ. ಒಲೆ ಹಚ್ಚುವಾಗಲೂ ಕೇಳಿಸುತ್ತದೆ.

ಅವಳು ಮುಂದೆ ಏನು ಹೇಳಿದ್ದಾಳೆ? ನನ್ನ ಮೇಲೆ ಹೇಳಿದ್ದರೂ ಸರಿ, ನನ್ನನ್ನು ಕಾಯಲು ಸುಳ್ಳು ಹೇಳಿದ್ದರೂ ಸರಿ, ಒಂದಕ್ಷರವೂ ಬಿಡದೆ ಬರೆದು ಕಳಿಸಿ. ಫೋನ್ ಮಾಡಬೇಡಿ, ಎತ್ತುವವರು ಅವಳ ಅಪ್ಪ. ಲಕೋಟೆಯ ಮೇಲೆ ಜಯಶ್ರೀಯವರ ಶಾಲೆಯ ವಿಳಾಸ ಹಾಕಿ.

ನಿಮ್ಮ ಕಾಗದ ಬಂದ ದಿನ ಅವಳ ಅಪ್ಪನಿಗೆ ನಾನೇ ಓದಿ ಹೇಳುತ್ತೇನೆ.

ದಾರಿ ಕಾಯುತ್ತಿರುವ,
ಹಂಪಮ್ಮ